ನಮಗೊಂದು ಕಾಪಿ

(ಪತ್ರಿಕೋದ್ಯಮ ವಿದ್ಯಾರ್ಥಿಗಳು ಮತ್ತು ಹವ್ಯಾಸಿ ಛಾಯಾಗ್ರಾಹಕರ ಮುಂದೆ ಸ್ಲೈಡ್‌ಗಳೊಂದಿಗೆ ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲಿಗೆ ನನ್ನ ಮರ್ಯಾದೆ ಹೋದ ಕಥೆಯೊಂದನ್ನು ಹೇಳಿ ಮುಗಿಸುತ್ತೇನೆ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಡೆ ಎಂಡೋಸಲ್ಫಾನ್ ಸಂತ್ರಸ್ತರ ಮನೆಗಳಿಗೆ ಫೋಟೋ ತೆಗೆಯಲು ನಾನು ಹೋಗುತ್ತಿದ್ದ ಕಾಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಸುರಿದ ಆ ವಿಷ ಏನೇನು ಮಾಡಿತು ಅಂತ ನಿಮಗೆ ಗೊತ್ತು, ಅದನ್ನು ವಿವರಿಸುವುದಿಲ್ಲ. ಒಂದು ಮನೆಯ ಚಾವಡಿಯಲ್ಲಿ ತಾಯಿ ಕೂತಿದ್ದರು. ತೊಡೆಯ ಮೇಲೆ ಮಗ. ವಯಸ್ಸು ಹದಿನಾಲ್ಕು, ನೋಡಿದರೆ ಐದಾರು ವರ್ಷದವನ ಹಾಗೆ. ಮಾಡಿನ ಗಾಜಿನ ಹಂಚಿನಿಂದ ಬೆಳಕು ಸರಿಯಾಗಿ ಅವರಿಬ್ಬರ ಮೇಲೆ ಬೀಳುತ್ತಿತ್ತು. ಬೆಳಕು ಚೆನ್ನಾಗಿತ್ತು ಅಂತ ಈಗ ಹೇಳುವಾಗ ನನಗೇ ಕಸಿವಿಸಿ. ಆದರೆ ಫೋಟೋಗ್ರಾಫರ್‌ನ ತಲೆ ಓಡುವುದೇ ಹಾಗೆ, ನಿಮಗೂ ಅದರ ಅನುಭವ ಇರಬಹುದು. ಹೊರಡುವಾಗ ಹೇಳಿದೆ: "ಒಂದು ಕಾಪಿ ತಂದು ಕೊಡ್ತೇನಮ್ಮ."

ಫೋಟೋ ಅಚ್ಚಾಯಿತು. ನಾಲ್ಕು ಜನ ಹೊಗಳಿದರು. ಯಾರೋ ಕೇಳಿದರು, ಕೊಟ್ಟೆ, ಪೋಸ್ಟರ್ ಆಯಿತು. ಇನ್ಯಾರೋ ಕೇಳಲೇ ಇಲ್ಲ, ಅದರಿಂದ ಬ್ಯಾನರ್ ಮಾಡಿಕೊಂಡರು. ಎರಡು ಮೂರು ವರ್ಷದ ನಂತರ ಉಜಿರೆಯ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ನನಗೆ ಗುರುತು ಸಿಗಲಿಲ್ಲ. ಅವರಿಗೆ ಸಿಕ್ಕಿತ್ತು. "ಕಾಪಿ ಕೊಡ್ತೇನೆ ಅಂತ ಹೇಳಿ ಹೋದದ್ದು ನೀವೇ ಅಲ್ವಾ? ಪೇಟೆಯಲ್ಲೆಲ್ಲ ಗೋಡೆಗೆ ಹಚ್ಚಿದ್ದಾರೆ ಮಾರಾಯ್ರೆ. ನಮ್ಮ ಮನೆಯಲ್ಲಿ ಮಾತ್ರ ಇಲ್ಲ."

ಇವತ್ತು ನಾನು ಅಮೆರಿಕದ ಛಾಯಾಗ್ರಾಹಕಿ ಸೂಸನ್ ಮೈಸೆಲಾಸ್ ಬಗ್ಗೆ ಮಾತಾಡುವುದಕ್ಕೆ ಈ ಬಸ್ ಸ್ಟ್ಯಾಂಡೇ ಕಾರಣ. ಯುದ್ಧದ ಫೋಟೋ ತೆಗೆದವರು ಬೇಕಾದಷ್ಟು ಜನ ಇದ್ದಾರೆ. ತೆಗೆದ ಫೋಟೋವನ್ನು ಹಿಡಿದುಕೊಂಡು ಹತ್ತು ವರ್ಷದ ಮೇಲೆ, ಇಪ್ಪತ್ತೈದು ವರ್ಷದ ಮೇಲೆ ಅದೇ ಊರಿನ ಅದೇ ಬೀದಿಗೆ ವಾಪಸ್ ಹೋದವರು ಕಡಿಮೆ. ಮೈಸೆಲಾಸ್ ಐದು ದಶಕ ಮಾಡಿದ ಕೆಲಸದಲ್ಲಿ ಅರ್ಧ ಭಾಗ ಈ ವಾಪಸ್ ಹೋಗುವ ಕೆಲಸ.

ಹುಟ್ಟಿದ್ದು 1948, ಅಮೆರಿಕದ ಬಾಲ್ಟಿಮೋರ್‌ನಲ್ಲಿ. 1971ರಲ್ಲಿ ಹಾರ್ವರ್ಡ್‌ನಲ್ಲಿ ಓದುವಾಗ 44, ಅರ್ವಿಂಗ್ ಸ್ಟ್ರೀಟ್ ಅನ್ನುವ ವಿಳಾಸದ ಒಂದು ವಠಾರದಂಥ ಮನೆಯಲ್ಲಿ ಬಾಡಿಗೆಗಿದ್ದರು. ಕೋಣೆಗೊಬ್ಬರು. ಒಬ್ಬರಿಗೊಬ್ಬರ ಪರಿಚಯವೇ ಇಲ್ಲ. ಈಕೆ ಒಂದೊಂದೇ ಬಾಗಿಲು ತಟ್ಟಿ, ಅವರವರ ಕೋಣೆಯಲ್ಲಿ ಅವರವರ ಫೋಟೋ ತೆಗೆದರು. ಇಲ್ಲಿಯವರೆಗೆ ಏನೂ ವಿಶೇಷವಿಲ್ಲ, ಯಾವ ವಿದ್ಯಾರ್ಥಿಯೂ ಮಾಡುವ ಅಸೈನ್‌ಮೆಂಟ್. ಆಮೇಲೆ ಪ್ರಿಂಟುಗಳನ್ನು ಅವರಿಗೇ ಕೊಟ್ಟು ಕೇಳಿದರು: ಈ ಫೋಟೋದಲ್ಲಿ ನಿಮಗೆ ನೀವು ಹೇಗೆ ಕಾಣುತ್ತೀರಿ, ಬರೆದುಕೊಡಿ. ಬರೆದುಕೊಟ್ಟರು. ಕೆಲವರಿಗೆ ಫೋಟೋ ಹಿಡಿಸಿತು, ಕೆಲವರು ಇದು ನಾನಲ್ಲ ಅಂದರು. ಆ ಬರಹಗಳೂ ಫೋಟೋಗಳ ಜೊತೆಗೇ ಸೇರಿಕೊಂಡವು. ಇಪ್ಪತ್ತಮೂರು ತುಂಬದ ಹುಡುಗಿಗೆ ಹೊಳೆದ ಈ ಉಪಾಯದ ಮೇಲೆಯೇ ಅವರ ಮುಂದಿನ ಎಲ್ಲ ಕೆಲಸ ನಿಂತಿದೆ ಅನ್ನುವುದು ನನ್ನ ಅಭಿಪ್ರಾಯ.

ಮುಂದೆ 1972ರಿಂದ 75ರವರೆಗೆ ಪ್ರತಿ ಬೇಸಿಗೆ ನ್ಯೂ ಇಂಗ್ಲೆಂಡ್ ಕಡೆಯ ಜಾತ್ರೆಗಳಲ್ಲಿ ಟೆಂಟ್ ಹಾಕಿ ಬಟ್ಟೆ ಬಿಚ್ಚಿ ಕುಣಿಯುವ ಹೆಂಗಸರ ಹಿಂದೆ ತಿರುಗಿದರು. ನಮ್ಮ ಜಾತ್ರೆಗಳಿಗೆ ಬರುತ್ತಿದ್ದ ರೆಕಾರ್ಡ್ ಡ್ಯಾನ್ಸ್ ಟೆಂಟುಗಳನ್ನು ಕಂಡವರಿಗೆ ಆ ವಾತಾವರಣದ ಅಂದಾಜಾಗಬಹುದು. ಅಲ್ಲಿಯೂ ಕ್ಯಾಮೆರಾದ ಜೊತೆ ಟೇಪ್ ರೆಕಾರ್ಡರ್ ಇತ್ತು. ಕುಣಿಯುವವರು, ಅವರ ಮ್ಯಾನೇಜರ್, ನೋಡಲು ಬಂದ ಗಂಡಸರು ಎಲ್ಲರ ಮಾತೂ ಅದರಲ್ಲಿದೆ. ಕಾಂಟ್ಯಾಕ್ಟ್ ಶೀಟ್ ತಂದು ಆ ಹೆಂಗಸರಿಗೆ ತೋರಿಸುತ್ತಿದ್ದರು. ಕಾಂಟ್ಯಾಕ್ಟ್ ಶೀಟ್ ಅಂದರೆ ಏನು ಅಂತ ಇಲ್ಲಿ ಎಷ್ಟು ಜನರಿಗೆ ಗೊತ್ತು? ನಾಲ್ಕು ಕೈ. ಇಡೀ ರೋಲಿನ 36 ನೆಗೆಟಿವ್‌ಗಳನ್ನು ಒಂದೇ ಕಾಗದದ ಮೇಲೆ ಇಟ್ಟು, ನೆಗೆಟಿವ್‌ನ ಅಳತೆಯಲ್ಲೇ ಮಾಡುವ ಪ್ರಿಂಟು. ಒಳ್ಳೆಯದೂ ಕೆಟ್ಟದ್ದೂ ಒಟ್ಟಿಗೇ ಕಾಣುತ್ತದೆ. ನಮ್ಮ ಆಫೀಸಿನಲ್ಲಿ ಅದನ್ನು ಸಂಪಾದಕರಿಗೆ ತೋರಿಸುವುದಕ್ಕೇ ನಾಚಿಕೆಯಾಗುತ್ತಿತ್ತು. ಫೋಟೋದಲ್ಲಿರುವವರಿಗೇ ಅದನ್ನು ಕೊಟ್ಟು ನಿಮಗೆ ಯಾವುದು ಸರಿ ಅಂತ ಕೇಳಬೇಕಾದರೆ ಧೈರ್ಯ ಬೇಕು.

1976ರಲ್ಲಿ ಮ್ಯಾಗ್ನಂ ಸೇರಿದರು. ಛಾಯಾಗ್ರಾಹಕರೇ ಕಟ್ಟಿಕೊಂಡ ಸಹಕಾರ ಸಂಸ್ಥೆ ಅದು. ಆಗ ಅಲ್ಲಿದ್ದ ಹೆಂಗಸರು ಬೆರಳೆಣಿಕೆಯಷ್ಟು.

ಈಗ ನಿಕರಾಗುವಾ. ಮಧ್ಯ ಅಮೆರಿಕದ ಸಣ್ಣ ದೇಶ. ನಾಲ್ಕು ದಶಕಗಳಿಂದ ಸೊಮೊಸಾ ಕುಟುಂಬದ ಆಳ್ವಿಕೆ. ಅಪ್ಪ, ಆಮೇಲೆ ದೊಡ್ಡ ಮಗ, ಆಮೇಲೆ ಚಿಕ್ಕ ಮಗ. ನ್ಯಾಷನಲ್ ಗಾರ್ಡ್ ಅನ್ನುವ ಸೇನೆ ಅವರ ಖಾಸಗಿ ಪಡೆಯ ಹಾಗೆ. 1978ರ ಜನವರಿ 10ರಂದು ರಾಜಧಾನಿ ಮನಾಗುವಾದಲ್ಲಿ 'ಲಾ ಪ್ರೆನ್ಸಾ' ಪತ್ರಿಕೆಯ ಸಂಪಾದಕ ಪೆದ್ರೊ ಹೊಆಕಿನ್ ಚಮೊರ್ರೊ ಅವರನ್ನು ಹಗಲಲ್ಲೇ ಗುಂಡಿಕ್ಕಿ ಕೊಂದರು. ನ್ಯೂಯಾರ್ಕ್‌ನಲ್ಲಿ ಕೂತು ಆ ಸುದ್ದಿ ಓದಿದ ಮೈಸೆಲಾಸ್ ಜೂನ್‌ನಲ್ಲಿ ಹೊರಟುಬಿಟ್ಟರು. ಯಾವ ಪತ್ರಿಕೆಯೂ ಕಳಿಸಿದ್ದಲ್ಲ. ಸ್ಪ್ಯಾನಿಷ್ ಸರಿಯಾಗಿ ಬರುತ್ತಿರಲಿಲ್ಲ. ಯುದ್ಧವನ್ನು ಅದಕ್ಕೂ ಮೊದಲು ನೋಡಿದವರೇ ಅಲ್ಲ. ಶುರುವಿನ ವಾರಗಳಲ್ಲಿ ಯಾವುದರ ಫೋಟೋ ತೆಗೆಯಬೇಕು ಅನ್ನುವುದೇ ತಿಳಿಯುತ್ತಿರಲಿಲ್ಲವಂತೆ. ಹುಡುಗರೇ, ಇದನ್ನು ನೆನಪಿಟ್ಟುಕೊಳ್ಳಿ, ನಿಮಗೂ ಹಾಗೆ ಆಗುತ್ತದೆ.

ಈ ಸ್ಲೈಡ್ ನೋಡಿ. ಮಸಾಯ ಪಟ್ಟಣದ ಮೊನಿಂಬೊ ಅನ್ನುವ ಕೇರಿ, ಮೂಲನಿವಾಸಿಗಳದ್ದು. ಕೈಬಾಂಬ್ ಎಸೆಯುವುದನ್ನು ಅಭ್ಯಾಸ ಮಾಡುತ್ತಿರುವ ಯುವಕರು. ಮುಖಕ್ಕೆ ಜಾಲರಿಯ ಮುಖವಾಡ, ಅದರ ಮೇಲೆ ಬಿಳಿಚಿದ ಬಣ್ಣ, ತಿದ್ದಿದ ಮೀಸೆ. ಅವು ಊರಹಬ್ಬದ ಕುಣಿತಕ್ಕೆ ಹಾಕಿಕೊಳ್ಳುವ ಮುಖವಾಡಗಳು. ಗುರುತು ಮರೆಸಬೇಕು, ಮನೆಯಲ್ಲಿ ಇದ್ದದ್ದು ಇದೇ, ಹಾಕಿಕೊಂಡರು. ನಮ್ಮ ಕಡೆಯ ಯಾವುದಾದರೂ ವೇಷದ ಮುಖವಾಡ ಹಾಕಿಕೊಂಡು ಒಂದು ಊರಿನ ಹುಡುಗರು ಸರ್ಕಾರದ ವಿರುದ್ಧ ನಿಂತರೆ ಹೇಗಿರಬಹುದು ಯೋಚಿಸಿ. ಈ ಚಿತ್ರ ಆ ವರ್ಷ ನ್ಯೂಯಾರ್ಕ್ ಟೈಮ್ಸ್‌ನ ವಾರದ ಮ್ಯಾಗಜೀನಿನ ಮುಖಪುಟಕ್ಕೆ ಬಂತು. ಅಲ್ಲಿಗೆ, ನಿಕರಾಗುವಾ ಎಲ್ಲಿದೆ ಅಂತ ಅಮೆರಿಕನ್ನರು ಭೂಪಟ ನೋಡುವ ಹಾಗಾಯಿತು.

ಅವರ ಹೆಗಲಲ್ಲಿ ಎರಡು ಕ್ಯಾಮೆರಾ. ಒಂದರಲ್ಲಿ ಕಪ್ಪುಬಿಳುಪು, ಇನ್ನೊಂದರಲ್ಲಿ ಕಲರ್ ಫಿಲಂ. ಮೊದಲು ಕಪ್ಪುಬಿಳುಪೇ ಮುಖ್ಯ ಅಂದುಕೊಂಡಿದ್ದರು, ಬರಬರುತ್ತಾ ಕಲರ್ ಗೆದ್ದಿತು. ಇದಕ್ಕೆ ಬೈಸಿಕೊಂಡರು. ಯುದ್ಧ ಅಂದರೆ ಕಪ್ಪುಬಿಳುಪು, ಬಣ್ಣ ಏನಿದ್ದರೂ ಜಾಹೀರಾತಿಗೆ ಅಂತ ನಂಬಿದ್ದ ಕಾಲ. ರಕ್ತಕ್ಕೆ ಬಣ್ಣ ಕೊಟ್ಟು ಚಂದ ಮಾಡಿದ್ದೀರಿ ಅನ್ನುವುದು ಆರೋಪ. ನಾನು ಫೋಟೋ ಕಲಿಯುವಾಗ ನಮ್ಮ ಹಿರಿಯರೂ ಅದನ್ನೇ ಹೇಳುತ್ತಿದ್ದರು. ಅದಕ್ಕೆ ಇನ್ನೊಂದು ಕಾರಣವೂ ಇತ್ತು ಅನ್ನಿ. ಕಲರ್ ಫಿಲಂ ದುಬಾರಿ, ಜಿಲ್ಲಾ ವರದಿಗಾರನ ಕೈಗೆ ಯಾರು ಕೊಡುತ್ತಾರೆ? ಸುಳ್ಯದಲ್ಲಿ ತೆಗೆದ ಕಪ್ಪುಬಿಳುಪು ರೋಲನ್ನು ಕವರಿಗೆ ಹಾಕಿ, ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಮಂಗಳೂರಿಗೆ ಕಳಿಸುತ್ತಿದ್ದೆವು. ಬಸ್ಸು ಕೆಟ್ಟರೆ ಮರುದಿನದ ಪತ್ರಿಕೆಯಲ್ಲಿ ಪ್ರವಾಹವೇ ಇಲ್ಲ.

ಮೈಸೆಲಾಸ್ ಉತ್ತರ ಸರಳ. ಆ ದೇಶವೇ ಹಾಗಿತ್ತು. ಹಸಿರು ಬೆಟ್ಟ, ಗುಲಾಬಿ ಗೋಡೆ, ಹುಡುಗರ ಕುತ್ತಿಗೆಗೆ ಕೆಂಪು ಕಪ್ಪು ಕರವಸ್ತ್ರ. ಮುಂದಿನ ಸ್ಲೈಡ್ ತೋರಿಸುವ ಮೊದಲು ಹೇಳಿಬಿಡುತ್ತೇನೆ, ನೋಡಲಾಗದವರು ಕಣ್ಣು ತಗ್ಗಿಸಬಹುದು. ಮನಾಗುವಾದ ಹೊರಗೆ ಕುಎಸ್ತಾ ದೆಲ್ ಪ್ಲೊಮೊ ಅನ್ನುವ ಗುಡ್ಡ. ನ್ಯಾಷನಲ್ ಗಾರ್ಡ್‌ನವರು ಕೊಂದವರನ್ನು ಎಸೆಯುತ್ತಿದ್ದ ಜಾಗ. ಮನೆಯಿಂದ ಕಾಣೆಯಾದವರನ್ನು ಹುಡುಕಿಕೊಂಡು ಜನ ದಿನವೂ ಅಲ್ಲಿಗೆ ಬರುತ್ತಿದ್ದರು. ಹಿನ್ನೆಲೆಯಲ್ಲಿ ಕೆರೆ, ಮೋಡ, ಕ್ಯಾಲೆಂಡರಿಗೆ ಹಾಕಬಹುದಾದಂಥ ನೋಟ. ಮುಂದೆ ಹುಲ್ಲಿನಲ್ಲಿ ಜೀನ್ಸ್ ತೊಟ್ಟ ಎರಡು ಕಾಲು. ಸೊಂಟದಿಂದ ಮೇಲೆ ಬೆನ್ನುಮೂಳೆ ಮಾತ್ರ. ಇದನ್ನು ಕಪ್ಪುಬಿಳುಪಿನಲ್ಲಿ ತೆಗೆದಿದ್ದರೆ ಹಿಂದಿನ ಕೆರೆಗೂ ಮುಂದಿನ ಮೂಳೆಗೂ ಒಂದೇ ಬೂದು ಬಣ್ಣ ಇರುತ್ತಿತ್ತು. ಅಷ್ಟು ಸುಂದರವಾದ ಜಾಗದಲ್ಲಿ ಇದು ಬಿದ್ದಿದೆಯಲ್ಲ ಅನ್ನುವ ಕೋಪ ಬರುವುದು ಬಣ್ಣದಿಂದಲೇ. ನನ್ನ ಗುರುಗಳು ಈ ವಿಷಯದಲ್ಲಿ ತಪ್ಪು ಹೇಳಿದ್ದರು.

ಆದರೆ ಈ ಫೋಟೋದಲ್ಲಿರುವುದು ಯಾರು? ಗೊತ್ತಿಲ್ಲ. ಇಲ್ಲಿ ಭೋಪಾಲ್ ನೆನಪಾಗುತ್ತದೆ. 1984ರ ಡಿಸೆಂಬರ್, ಮಣ್ಣಿನಲ್ಲಿ ಹೂಳುತ್ತಿರುವ ಆ ಮಗುವಿನ ಮುಖ, ತೆರೆದ ಕಣ್ಣು. ರಘು ರೈ ತೆಗೆದರು, ಪಾಬ್ಲೊ ಬಾರ್ಥಲೋಮ್ಯೂ ತೆಗೆದರು. ಭೋಪಾಲ್ ಅಂದರೆ ನಮ್ಮೆಲ್ಲರ ಕಣ್ಣ ಮುಂದೆ ಬರುವುದು ಆ ಮುಖವೇ. ನಾಲ್ಕು ದಶಕ ಕಳೆದರೂ ಆ ಮಗು ಯಾರ ಮಗು ಅಂತ ಪತ್ತೆಯಾಗಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಮುಖ, ಹೆಸರು ಹಿಡಿದು ಕರೆಯುವವರಿಲ್ಲ.

ನಿಕರಾಗುವಾದಲ್ಲಿ ಹೆಸರು ಸಿಕ್ಕ ಒಂದು ಮುಖ ಇದೆ. 1979ರ ಜುಲೈ 16, ಎಸ್ತೆಲಿ ಪಟ್ಟಣ. ನ್ಯಾಷನಲ್ ಗಾರ್ಡ್‌ನ ಠಾಣೆಯ ಮೇಲೆ ಕೊನೆಯ ದಾಳಿ. ತಲೆಗೆ ಟೋಪಿ, ಕುತ್ತಿಗೆಯಲ್ಲಿ ಜಪಮಾಲೆ, ಒಂದು ಕೈಯಲ್ಲಿ ಬಂದೂಕು, ಇನ್ನೊಂದರಲ್ಲಿ ಪೆಪ್ಸಿ ಬಾಟಲಿ. ಬಾಟಲಿಯಲ್ಲಿ ಪೆಟ್ರೋಲ್, ಬಾಯಲ್ಲಿ ಉರಿಯುತ್ತಿರುವ ಬತ್ತಿ. ಎಸೆಯಲು ಕೈ ಹಿಂದಕ್ಕೆ ಹೋಗಿದೆ. ಮರುದಿನ ಸೊಮೊಸಾ ದೇಶ ಬಿಟ್ಟು ಓಡಿದ. 19ಕ್ಕೆ ಅವನ ವಿರುದ್ಧ ಬಂಡೆದ್ದಿದ್ದ ಸ್ಯಾಂಡಿನಿಸ್ಟಾ ಹೋರಾಟಗಾರರು ರಾಜಧಾನಿಗೆ ಬಂದರು. ಅಲ್ಲಿಂದ ಈ ಚಿತ್ರ ಛಾಯಾಗ್ರಾಹಕಿಯ ಕೈ ಬಿಟ್ಟಿತು. ಕ್ರಾಂತಿಯ ಮೊದಲ ವಾರ್ಷಿಕೋತ್ಸವಕ್ಕೆ ಬೆಂಕಿಪೊಟ್ಟಣದ ಮೇಲೆ ಬಂತು. ಗೋಡೆಗಳ ಮೇಲೆ ಅಚ್ಚು ಹಾಕಿ ಬಣ್ಣ ಬಳಿದರು. ಜನಸೇನೆಗೆ ಸೇರಿ ಅನ್ನುವ ಪೋಸ್ಟರ್ ಆಯಿತು. ಮೈಸೆಲಾಸ್ ಇದಕ್ಕೆಲ್ಲ ಆಕ್ಷೇಪ ಎತ್ತಲಿಲ್ಲ. ಅವರ ಊರು, ಅವರ ಹುಡುಗ.

ಹತ್ತು ವರ್ಷದ ಮೇಲೆ ಅವರು ಈ ಫೋಟೋಗಳ ತಮ್ಮ ಪುಸ್ತಕವನ್ನೇ ಹಿಡಿದುಕೊಂಡು ನಿಕರಾಗುವಾಕ್ಕೆ ಹೋದರು. ಪುಟ ತೆರೆದು ತೋರಿಸುವುದು, ಇವರು ಯಾರು, ಎಲ್ಲಿದ್ದಾರೆ ಅಂತ ಕೇಳುವುದು. ಕೆಲವರು ಸತ್ತಿದ್ದರು. ಕೆಲವರಿಗೆ ಕ್ರಾಂತಿಯ ಮೇಲೆ ನಂಬಿಕೆ ಹೋಗಿತ್ತು. ಕೆಲವರು ಇನ್ನೂ ಸ್ಯಾಂಡಿನಿಸ್ಟಾ ಪಕ್ಷದಲ್ಲೇ ಇದ್ದರು. ಬಾಟಲಿ ಎಸೆದವನೂ ಸಿಕ್ಕ. ಪಾಬ್ಲೊ ಅರಾವುಸ್, ಊರಿನವರು ಕರೆಯುತ್ತಿದ್ದದ್ದು ಬಾರೆತಾ ಅಂತ. ಈ ಹುಡುಕಾಟ 1991ರಲ್ಲಿ ಸಾಕ್ಷ್ಯಚಿತ್ರವಾಗಿ ಬಂತು. 2004ರಲ್ಲಿ, ಕ್ರಾಂತಿಗೆ 25 ವರ್ಷವಾದಾಗ, ಮತ್ತೆ ಹೋದರು. ಈ ಸಲ ತಮ್ಮ 19 ಫೋಟೋಗಳನ್ನು ಗೋಡೆಯಷ್ಟು ದೊಡ್ಡ ಬ್ಯಾನರ್ ಮಾಡಿ, ಯಾವ ಫೋಟೋ ಯಾವ ಜಾಗದಲ್ಲಿ ತೆಗೆದದ್ದೋ ಅಲ್ಲಿಯೇ ಕಟ್ಟಿಸಿದರು. ಗ್ಯಾಲರಿ ಇಲ್ಲ, ಟಿಕೆಟ್ ಇಲ್ಲ. ಸೈಕಲ್ಲಿನಲ್ಲಿ ಹೋಗುವವನು ನಿಂತು ನೋಡುತ್ತಾನೆ, ಇದೇ ಬೀದಿ, ಇದೇ ಮೂಲೆ. ಯುದ್ಧದ ನಂತರ ಹುಟ್ಟಿದ ಮಕ್ಕಳು ನೋಡುತ್ತಾರೆ. ಜೊತೆಗಿದ್ದ ಹಿರಿಯರು ಅವರಿಗೆ ಕಥೆ ಹೇಳುತ್ತಾರೆ. ಫೋಟೋಗ್ರಾಫರ್‌ಗೆ ಕೊಡುವ ಬಹುಮಾನಗಳಲ್ಲಿ ಇದಕ್ಕೊಂದು ವಿಭಾಗ ಇರಬೇಕಿತ್ತು ಅನ್ನಿಸುತ್ತದೆ.

ಹಾಗಂತ ಕಥೆ ಅಲ್ಲಿ ಸುಖವಾಗಿ ಮುಗಿಯಲಿಲ್ಲ. ಆ ಮುಖವಾಡಗಳ ಮೊನಿಂಬೊ ಇತ್ತಲ್ಲ, 2018ರಲ್ಲಿ ಅದೇ ಕೇರಿಯ ಜನ ರಸ್ತೆಯ ಕಲ್ಲು ಕಿತ್ತು ಮತ್ತೆ ಅಡ್ಡಗಟ್ಟೆ ಕಟ್ಟಿದರು. ಈ ಸಲ ಎದುರಿಗಿದ್ದದ್ದು ದಾನಿಯೆಲ್ ಒರ್ತೆಗಾ, ಹಿಂದೆ ಸೊಮೊಸಾನನ್ನು ಓಡಿಸಿದ ಸ್ಯಾಂಡಿನಿಸ್ಟಾಗಳ ನಾಯಕ, ಆ ಹೊತ್ತಿಗೆ ಅಧ್ಯಕ್ಷ. ಪೊಲೀಸರೂ ಮುಸುಕುಧಾರಿ ಪಡೆಗಳೂ ಮೊನಿಂಬೊಗೆ ನುಗ್ಗಿ ಅಡ್ಡಗಟ್ಟೆ ಒಡೆದದ್ದು ಜುಲೈ 17ರಂದು. ಸೊಮೊಸಾ ಓಡಿಹೋದ ತಾರೀಖು. ಹೋರಾಟದ ಫೋಟೋ ಯಾರ ಪರ ಅಂತ ಕೇಳುವವರಿಗೆ ನಾನು ಈ ಎರಡು ತಾರೀಖುಗಳನ್ನು ಹೇಳುತ್ತೇನೆ.

ಇನ್ನೊಂದು ಜಗಳದ ಕಥೆ. ನ್ಯೂಯಾರ್ಕ್‌ನ ಚಿತ್ರ ಕಲಾವಿದೆ ಜಾಯ್ ಗಾರ್ನೆಟ್ ಇಂಟರ್‌ನೆಟ್‌ನಲ್ಲಿ ಒಂದು ಚಿತ್ರ ನೋಡಿದರು. ಸುತ್ತಲಿನದನ್ನು ಕತ್ತರಿಸಿ ಹಾಕಿದ್ದ, ಆವೇಶದಲ್ಲಿ ಏನನ್ನೋ ಎಸೆಯುತ್ತಿರುವ ಒಬ್ಬ ಮನುಷ್ಯ. ಯಾರು, ಎಲ್ಲಿ, ಯಾವಾಗ ಏನೂ ಇರಲಿಲ್ಲ. ಅದನ್ನು ದೊಡ್ಡ ಪೇಂಟಿಂಗ್ ಮಾಡಿ 2004ರಲ್ಲಿ ಪ್ರದರ್ಶನಕ್ಕಿಟ್ಟರು. ಅದು ನಮ್ಮ ಬಾರೆತಾ. ಮೈಸೆಲಾಸ್ ಕಡೆಯ ವಕೀಲರಿಂದ ಪತ್ರ ಹೋಯಿತು. ಗಾರ್ನೆಟ್ ಪರವಾಗಿ ಹತ್ತಾರು ಕಲಾವಿದರು ಅದೇ ಚಿತ್ರವನ್ನು ಬೇಕಾದ ಹಾಗೆ ತಿರುಚಿ ಇಂಟರ್‌ನೆಟ್‌ನಲ್ಲಿ ಹರಡಿದರು. ಕೊನೆಗೆ ಮೊಕದ್ದಮೆ ಆಗಲಿಲ್ಲ. ಇಬ್ಬರೂ 2006ರಲ್ಲಿ ಒಂದೇ ವೇದಿಕೆಯಲ್ಲಿ ಮಾತಾಡಿದರು, 2007ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಇಬ್ಬರ ವಾದವೂ ಜೊತೆಜೊತೆಗೆ ಅಚ್ಚಾಯಿತು. ಗಾರ್ನೆಟ್ ವಾದ: ನೋಡಿದ ಚಿತ್ರದಿಂದ ಹೊಸ ಚಿತ್ರ ಮಾಡುವ ಹಕ್ಕು ಕಲಾವಿದರಿಗೆ ಇರಬೇಡವೇ? ಮೈಸೆಲಾಸ್ ಹೇಳಿದ್ದರ ಸಾರ: ದುಡ್ಡಿನ ಪ್ರಶ್ನೆಗಿಂತ, ಆ ಮನುಷ್ಯ ಬರೀ ದಂಗೆಕೋರನ ಚಿತ್ರವಾಗಿಬಿಟ್ಟದ್ದು ನನ್ನ ತಕರಾರು. ಅವನು ಒಂದು ದಿನ, ಒಂದು ಊರಿನಲ್ಲಿ, ಒಂದು ಕಾರಣಕ್ಕೆ ಎಸೆದ.

ನೀವೇ ತೀರ್ಪು ಕೊಡಿ. ಕಾನೂನಿನ ಲೆಕ್ಕದಲ್ಲಿ ನನಗೆ ಗಾರ್ನೆಟ್ ವಾದದಲ್ಲೂ ಹುರುಳು ಕಾಣುತ್ತದೆ. ಎಲ್ಲ ಚಿತ್ರಕ್ಕೂ ಬೀಗ ಹಾಕಿದರೆ ಕಲೆ ಎಲ್ಲಿಂದ ಬರಬೇಕು? ಆದರೆ ವಾಟ್ಸ್ಆ್ಯಪ್‌ನಲ್ಲಿ ಯಾವುದೋ ದೇಶದ ಸತ್ತ ಮಗುವಿನ ಫೋಟೋ ನಮ್ಮ ಪಕ್ಕದ ಊರಿನ ಗಲಾಟೆಯದ್ದು ಅಂತ ಬರುವಾಗ ಮೈಸೆಲಾಸ್ ಮಾತೇ ಕಿವಿಯಲ್ಲಿ ಗುಂಯ್‌ಗುಡುತ್ತದೆ. ಫೋಟೋದ ಕೆಳಗಿನ ಆ ಒಂದೂವರೆ ಸಾಲು, ಅಡಿಬರಹ, ಅದನ್ನು ಬರೆಯುವುದಕ್ಕೆ ಸೋಮಾರಿತನ ಮಾಡುವ ಹುಡುಗರು ಇಲ್ಲಿದ್ದರೆ ಇವತ್ತಿಗೇ ಬಿಟ್ಟುಬಿಡಿ.

ಎಲ್ ಸಾಲ್ವಡಾರ್‌ಗೆ ಬರೋಣ. ಮಧ್ಯ ಅಮೆರಿಕದ್ದೇ ಇನ್ನೊಂದು ಸಣ್ಣ ದೇಶ, ಅಲ್ಲಿ ಸೇನೆಗೂ ಬಂಡುಕೋರರಿಗೂ ಯುದ್ಧ. ನಿಕರಾಗುವಾದಲ್ಲಿ ಜನ ಗೆದ್ದಿದ್ದರು, ಇಲ್ಲಿ ಹೆಣಗಳು ಮಾತ್ರ ಸಿಗುತ್ತಿದ್ದವು. 1980ರ ಡಿಸೆಂಬರ್‌ನಲ್ಲಿ ನಾಲ್ವರು ಅಮೆರಿಕನ್ ಕ್ರೈಸ್ತ ಸೇವಾಕರ್ತೆಯರನ್ನು ಅಲ್ಲಿನ ಸೈನಿಕರು ಅತ್ಯಾಚಾರ ಮಾಡಿ ಕೊಂದು ಹೂತರು. ಮಣ್ಣಿನಿಂದ ಅವರ ದೇಹಗಳನ್ನು ಹಗ್ಗ ಕಟ್ಟಿ ಎಳೆಯುವಾಗ ಮೈಸೆಲಾಸ್ ಗುಂಡಿಯ ಅಂಚಿನಲ್ಲಿದ್ದರು. ಮುಂದಿನ ತಿಂಗಳೇ ಅವರಿದ್ದ ಗಾಡಿ ನೆಲಬಾಂಬಿನ ಮೇಲೆ ಹೋಯಿತು. ದಕ್ಷಿಣ ಆಫ್ರಿಕಾದ ಪತ್ರಕರ್ತ ಇಯಾನ್ ಮೇಟ್ಸ್ ಸತ್ತರು. ಮೈಸೆಲಾಸ್ ಮತ್ತು ಛಾಯಾಗ್ರಾಹಕ ಜಾನ್ ಹೋಗ್‌ಲ್ಯಾಂಡ್ ಗಾಯಗೊಂಡು ಉಳಿದರು. ಹೋಗ್‌ಲ್ಯಾಂಡ್ 1984ರಲ್ಲಿ ಅದೇ ದೇಶದಲ್ಲಿ ಗುಂಡಿಗೆ ಬಲಿಯಾದರು. ಇದನ್ನು ಹೇಳುವಾಗ ನಮ್ಮ ದಾನಿಶ್ ಸಿದ್ದೀಕಿಯನ್ನು ನೆನೆಯದೆ ಮುಂದೆ ಹೋಗಲಾರೆ. ರೋಹಿಂಗ್ಯಾ ನಿರಾಶ್ರಿತರನ್ನು, ಕೋವಿಡ್‌ನಲ್ಲಿ ದೆಹಲಿಯ ಚಿತೆಗಳನ್ನು ತೋರಿಸಿದ ಹುಡುಗ. 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಾಕ್‌ನಲ್ಲಿ ತೀರಿಕೊಂಡ. ನಲವತ್ತು ವರ್ಷವೂ ಆಗಿರಲಿಲ್ಲ.

1982ರ ಜನವರಿ. ಮೈಸೆಲಾಸ್ ಮತ್ತು ನ್ಯೂಯಾರ್ಕ್ ಟೈಮ್ಸ್‌ನ ರೇಮಂಡ್ ಬಾನರ್ ಹೊಂಡುರಾಸ್ ಗಡಿಯಿಂದ ಬಂಡುಕೋರರ ಜೊತೆ ಕಾಲ್ನಡಿಗೆಯಲ್ಲಿ ಮೊರಾಸಾನ್ ಪ್ರಾಂತ್ಯಕ್ಕೆ ಹೋದರು. ಎಲ್ ಮೊಸೊತೆ ಅನ್ನುವ ಹಳ್ಳಿ. ಒಂದು ತಿಂಗಳ ಹಿಂದೆ ಅಮೆರಿಕದಿಂದ ತರಬೇತಿ ಪಡೆದ, ಎಲ್ ಸಾಲ್ವಡಾರ್ ಸೇನೆಯ ಅತ್ಲಾಕಾತ್ಲ್ ಪಡೆ ಬಂದು ಆ ಹಳ್ಳಿಯಲ್ಲೂ ಸುತ್ತಮುತ್ತಲಲ್ಲೂ ಸಿಕ್ಕಸಿಕ್ಕವರನ್ನು ಕೊಂದು ಹೋಗಿತ್ತು. ಸತ್ತವರು ಸಾವಿರದ ಹತ್ತಿರ. ಹೆಚ್ಚಿನವರು ಹೆಂಗಸರು, ಮಕ್ಕಳು, ಮುದುಕರು. ಪೊದೆಯಲ್ಲಿ ಅಡಗಿ ಬದುಕಿದ ರುಫಿನಾ ಅಮಾಯಾ ಅನ್ನುವ ತಾಯಿ ತನ್ನ ಗಂಡ ಮತ್ತು ನಾಲ್ಕು ಮಕ್ಕಳನ್ನು ಹೇಗೆ ಕಳೆದುಕೊಂಡೆ ಅಂತ ಹೇಳಿದರು. ಮೈಸೆಲಾಸ್ ಕುಸಿದ ಮನೆಗಳನ್ನೂ ಜೋಳದ ಹೊಲದ ನಡುವೆ ಬಿದ್ದಿದ್ದ ಅವಶೇಷಗಳನ್ನೂ ತೆಗೆದರು. ಸ್ವಲ್ಪ ದಿನ ಬಿಟ್ಟು ವಾಷಿಂಗ್ಟನ್ ಪೋಸ್ಟ್‌ನ ಆಲ್ಮಾ ಗಿಯೆರ್ಮೊಪ್ರಿಯೆತೊ ಕೂಡ ಹೋಗಿ ನೋಡಿ ಬಂದರು. ಜನವರಿ 27ರಂದು ಎರಡೂ ಪತ್ರಿಕೆಗಳ ಮುಖಪುಟದಲ್ಲಿ ವರದಿ.

ಇಷ್ಟಾದ ಮೇಲೆ ಏನಾಗಬೇಕು ನೀವೇ ಹೇಳಿ. ಮರುದಿನವೇ ಅಮೆರಿಕದ ಅಧ್ಯಕ್ಷ ರೇಗನ್, ಎಲ್ ಸಾಲ್ವಡಾರ್‌ನಲ್ಲಿ ಮಾನವ ಹಕ್ಕುಗಳ ಸ್ಥಿತಿ ಸುಧಾರಿಸುತ್ತಿದೆ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಅಲ್ಲಿನ ಸೇನೆಗೆ ಅಮೆರಿಕದ ನೆರವು ಮುಂದುವರಿಯಲು ಆ ಕಾಗದ ಬೇಕಿತ್ತು. ಫೆಬ್ರವರಿಯಲ್ಲಿ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿ ಅಮೆರಿಕದ ಸಂಸತ್ ಸಮಿತಿಯ ಮುಂದೆ, ಸೇನೆ ವ್ಯವಸ್ಥಿತ ಹತ್ಯಾಕಾಂಡ ನಡೆಸಿದ್ದಕ್ಕೆ ಪುರಾವೆ ಇಲ್ಲ ಅಂದರು. ಬಂಡುಕೋರರು ಕರೆದುಕೊಂಡು ಹೋಗಿ ತೋರಿಸಿದ್ದನ್ನು ನಂಬಬೇಕೇ ಅನ್ನುವ ಸಂಪಾದಕೀಯಗಳು ಬಂದವು. ಪ್ರತ್ಯಕ್ಷ ಸಾಕ್ಷಿ ಇತ್ತು, ಇಬ್ಬರು ವರದಿಗಾರರಿದ್ದರು, ಫೋಟೋ ಇತ್ತು. ಹತ್ತು ವರ್ಷ ಯಾರೂ ಅಲುಗಲಿಲ್ಲ.

1992ರಲ್ಲಿ ಶಾಂತಿ ಒಪ್ಪಂದವಾದ ಮೇಲೆ ಅರ್ಜೆಂಟೀನಾದ ವಿಧಿವಿಜ್ಞಾನ ತಂಡ ಅಲ್ಲಿ ಅಗೆಯಿತು. ಚರ್ಚಿನ ಪಕ್ಕದ ಒಂದು ಸಣ್ಣ ಕಟ್ಟಡದ ಅವಶೇಷದಲ್ಲೇ 143 ಜನರ ಮೂಳೆ. ಹೆಚ್ಚುಕಡಿಮೆ ಎಲ್ಲವೂ ಮಕ್ಕಳದ್ದು. ಸರಾಸರಿ ವಯಸ್ಸು ಆರು. ಮರುವರ್ಷ ವಿಶ್ವಸಂಸ್ಥೆಯ ಸತ್ಯ ಆಯೋಗ ಸೇನೆಯೇ ಕೊಂದದ್ದು ಅಂತ ಬರೆಯಿತು. ಆಮೇಲೂ ಕ್ಷಮಾದಾನದ ಕಾನೂನು ಅಡ್ಡ ಬಂದು, ಅದು ರದ್ದಾಗಿ ಮೊಕದ್ದಮೆ ಮತ್ತೆ ತೆರೆದದ್ದು 2016ರಲ್ಲಿ. ಒಂದು ಫೋಟೋ ಜಗತ್ತನ್ನು ಬದಲಿಸುತ್ತದೆ ಅಂತ ನಿಮಗೆ ಯಾರಾದರೂ ಭಾಷಣ ಮಾಡಿದರೆ ಎಲ್ ಮೊಸೊತೆ ಎಷ್ಟು ವರ್ಷ ತೆಗೆದುಕೊಂಡಿತು ಅಂತ ಕೇಳಿ. ಆ ನೆಗೆಟಿವ್‌ಗಳನ್ನು ಜೋಪಾನ ಮಾಡಿಟ್ಟಿದ್ದರು ಅನ್ನುವುದೇ ಇಲ್ಲಿ ದೊಡ್ಡ ಕೆಲಸ. ನಮ್ಮಲ್ಲಿ ಎಷ್ಟು ಪತ್ರಿಕಾ ಛಾಯಾಗ್ರಾಹಕರ ನೆಗೆಟಿವ್‌ಗಳು ಫಂಗಸ್ ಹಿಡಿದು ಗುಜರಿಗೆ ಹೋಗಿವೆ! ನನ್ನದೂ ಒಂದು ಪೆಟ್ಟಿಗೆ ಮಳೆಗಾಲಕ್ಕೆ ಹೋಯಿತು.

ಚಿಲಿಯದ್ದು ಸಣ್ಣದಾಗಿ ಹೇಳುತ್ತೇನೆ. ಪಿನೊಚೆ ಸರ್ವಾಧಿಕಾರದ ಕೊನೆಯ ವರ್ಷಗಳಲ್ಲಿ ಅಲ್ಲಿಗೆ ಹೋದ ಮೈಸೆಲಾಸ್ ತಮ್ಮ ಫೋಟೋಗಳ ಪುಸ್ತಕ ಮಾಡಲಿಲ್ಲ. ಒಳಗೇ ಇದ್ದು, ಏಟು ತಿಂದು ಹದಿನೈದು ವರ್ಷ ಫೋಟೋ ತೆಗೆದ ಚಿಲಿಯ ಛಾಯಾಗ್ರಾಹಕರ ಕೆಲಸವನ್ನು ಸಂಪಾದಿಸಿ 1990ರಲ್ಲಿ ತಂದರು. ಹೆಸರಾಂತ ಛಾಯಾಗ್ರಾಹಕರು ಕ್ಯಾಮೆರಾ ಕೆಳಗಿಟ್ಟು ಇನ್ನೊಬ್ಬರ ಚಿತ್ರ ಆಯುತ್ತಾ ಕೂರುವುದು ಸಾಮಾನ್ಯ ಸಂಗತಿಯಲ್ಲ. ನಮ್ಮ ಸಂಘಗಳ ಜಗಳ ಗೊತ್ತಿರುವವರಿಗೆ ಇದು ಹೆಚ್ಚು ಅರ್ಥವಾಗುತ್ತದೆ.

ಕುರ್ದಿಸ್ತಾನದಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. 1988ರಲ್ಲಿ ಸದ್ದಾಂ ಹುಸೇನ್ ಸರ್ಕಾರ ಉತ್ತರ ಇರಾಕಿನ ಕುರ್ದ್ ಹಳ್ಳಿಗಳ ಮೇಲೆ ನಡೆಸಿದ 'ಅನ್ಫಾಲ್' ಕಾರ್ಯಾಚರಣೆಯಲ್ಲಿ ಸತ್ತವರು ಕನಿಷ್ಠ 50,000, ಒಂದು ಲಕ್ಷದವರೆಗೂ ಇರಬಹುದು ಅನ್ನುವುದು ಹ್ಯೂಮನ್ ರೈಟ್ಸ್ ವಾಚ್ ಅಂದಾಜು. 1991ರ ಕೊಲ್ಲಿ ಯುದ್ಧದ ನಂತರ ಆ ಪ್ರದೇಶ ತೆರೆದುಕೊಂಡಾಗ, ಗೋರಿ ಅಗೆಯುವವರ ಜೊತೆ ದಾಖಲೆಗಾಗಿ ಮೈಸೆಲಾಸ್ ಹೋದರು. ಅಗೆಯುವವರ ಮುಂದಾಳು ಕ್ಲೈಡ್ ಸ್ನೋ, ಮೂಳೆ ನೋಡಿ ಮನುಷ್ಯನ ಕಥೆ ಹೇಳುವ ಅಮೆರಿಕದ ತಜ್ಞ. ಎಲ್ ಮೊಸೊತೆಯಲ್ಲಿ ಅಗೆದ ಅರ್ಜೆಂಟೀನಾದ ತಂಡವನ್ನು ತಯಾರು ಮಾಡಿದವರು ಇವರೇ. ಎರ್ಬಿಲ್‌ನಲ್ಲಿ ತೆಗೆದ ಈ ಫೋಟೋದಲ್ಲಿ ಸ್ನೋ ಕೈಯಲ್ಲಿರುವುದು ಹದಿಹರೆಯದ ಹುಡುಗನ ತಲೆಬುರುಡೆ. ಕಣ್ಣಿಗೆ ಕಟ್ಟಿದ ಬಟ್ಟೆ ಹಾಗೇ ಇದೆ.

ಅಲ್ಲಿ ಮೈಸೆಲಾಸ್‌ರನ್ನು ಒಂದು ವಿಷಯ ಕಾಡಿತು. ನಾನು ತೆಗೆಯುತ್ತಿರುವುದು ಈ ಜನರ ಸಾವನ್ನು ಮಾತ್ರ. ಇವರು ಬದುಕಿದ್ದಾಗಿನ ಚಿತ್ರ ಎಲ್ಲಿದೆ? ಕುರ್ದರಿಗೆ ದೇಶವಿಲ್ಲ. ತುರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋದವರು. ದೇಶವಿಲ್ಲ ಅಂದರೆ ಪತ್ರಾಗಾರವೂ ಇಲ್ಲ. ಆದರೆ ಹೆಂಗಸರ ಎದೆಗೊತ್ತಿಕೊಂಡ ಪರ್ಸಿನಲ್ಲಿ, ಪೆಟ್ಟಿಗೆಯ ತಳದಲ್ಲಿ, ಊರಿನ ಸ್ಟುಡಿಯೋದವನು ಬಚ್ಚಿಟ್ಟ ಗಾಜಿನ ನೆಗೆಟಿವ್‌ಗಳಲ್ಲಿ ಫೋಟೋಗಳಿದ್ದವು. ಮೈಸೆಲಾಸ್ ಹೊಸದಾಗಿ ತೆಗೆಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿ ಅವುಗಳ ಬೆನ್ನು ಹತ್ತಿದರು. ಮೂಲವನ್ನು ಮನೆಯವರ ಹತ್ತಿರವೇ ಬಿಟ್ಟು ಪ್ರತಿ ಮಾಡಿಕೊಳ್ಳುವುದು, ಚಿತ್ರದಲ್ಲಿರುವವರ ಹೆಸರು ಬರೆದುಕೊಳ್ಳುವುದು. ಪಾಶ್ಚಾತ್ಯ ಅಧಿಕಾರಿಗಳು, ಪಾದ್ರಿಗಳು, ಪ್ರವಾಸಿಗಳು ಹಿಂದೆ ತೆಗೆದು ತಮ್ಮ ದೇಶಕ್ಕೆ ಒಯ್ದ ಫೋಟೋಗಳನ್ನೂ ಹುಡುಕಿದರು. ಆರು ವರ್ಷ ಹಿಡಿಯಿತು. 1997ರಲ್ಲಿ ದೊಡ್ಡ ಪುಸ್ತಕ ಬಂತು. ಅದರಲ್ಲಿ ಅವರು ತೆಗೆದ ಫೋಟೋಗಳಿಗಿಂತ ಬೇರೆಯವರದ್ದೇ ಹೆಚ್ಚು. ಮರುವರ್ಷ ಒಂದು ವೆಬ್‌ಸೈಟ್ ಶುರು ಮಾಡಿ, ಯಾರೆಂದು ಗೊತ್ತಿಲ್ಲದ ಫೋಟೋಗಳನ್ನು ಹಾಕಿ ಇವರ ಗುರುತು ಯಾರಿಗಾದರೂ ಇದೆಯೇ ಅಂತ ಜಗತ್ತಿನ ಕುರ್ದರನ್ನು ಕೇಳಿದರು. 1998ರಲ್ಲಿ! ನಮ್ಮಲ್ಲಿ ಆಗ ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟು ಕೂರುತ್ತಿದ್ದೆವು.

ಇಲ್ಲಿ ನನ್ನ ಕಥೆಯ ಉಳಿದರ್ಧ ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಆ ಮಾತು ಕೇಳಿದ ಮುಂದಿನ ವಾರವೇ ದೊಡ್ಡ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಆ ಮನೆಗೆ ಹೋದೆ. ಹುಡುಗ ಹೋಗಿ ಎಂಟು ತಿಂಗಳಾಗಿತ್ತು. ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅವರು ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಆ ತಾಯಿ ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಬೆಲ್ಲ ನೀರು ಕೊಟ್ಟರು. ಆಮೇಲೆ ಒಳಗೆ ಹೋಗಿ ಕಪಾಟಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ನಾದಿನಿಯ ಮದುವೆಯಲ್ಲಿ ಯಾರೋ ವಿಡಿಯೋದವನು ತೆಗೆದ ಫೋಟೋ. ಫ್ಲ್ಯಾಶ್ ಜಾಸ್ತಿಯಾಗಿ ಹಣೆಯೆಲ್ಲ ಬೆಳ್ಳಗಾಗಿದೆ, ಹಿಂದೆ ಅರ್ಧ ಕತ್ತರಿಸಿಹೋದ ಒಬ್ಬರು. ಹುಡುಗನಿಗೆ ಹೊಸ ಅಂಗಿ, ಹಣೆಗೆ ಗಂಧ, ಯಾರದೋ ಕಡೆ ನೋಡಿ ನಗುತ್ತಿದ್ದಾನೆ. "ಇದು ಅವನು" ಅಂದರು. ನನ್ನ ಫ್ರೇಮನ್ನು ಗೋಡೆಗೆ ಹಾಕಲಿಲ್ಲ ಅನ್ನುವುದು ಆಮೇಲೊಮ್ಮೆ ಹೋದಾಗ ಕಂಡಿತು. ಮದುವೆಯ ಫೋಟೋವನ್ನು ದೊಡ್ಡದು ಮಾಡಿಸಿ ಹಾರ ಹಾಕಿದ್ದರು. ನೆಗೆಟಿವ್ ಇರಲಿಲ್ಲ, ಅದಕ್ಕೇ ಚೂರು ಮಸುಕಾಗಿತ್ತು.

ನನ್ನ ಫೋಟೋದಿಂದ ಪರಿಹಾರದ ಹೋರಾಟಕ್ಕೆ ಏನಾದರೂ ಉಪಕಾರ ಆಗಿರಬಹುದು, ಆಗಿಲ್ಲದೆಯೂ ಇರಬಹುದು. ತೆಗೆಯಬಾರದಿತ್ತು ಅಂತ ನಾನು ಹೇಳುವುದಿಲ್ಲ. ತೆಗೆಯಲೇಬೇಕಿತ್ತು. ಆದರೆ ಆ ಚಾವಡಿಯಲ್ಲಿ ಕೂತಿದ್ದಾಗ, ನಿಮ್ಮ ಹತ್ತಿರ ಇವನ ಬೇರೆ ಫೋಟೋ ಇದೆಯೇ ಅಂತ ಒಂದು ಮಾತು ಕೇಳುವ ಬುದ್ಧಿ ನನಗೆ ಬರಲಿಲ್ಲವಲ್ಲ. ಆ ಎರಡನ್ನೂ ಪಕ್ಕಪಕ್ಕದಲ್ಲಿ ಅಚ್ಚು ಹಾಕಿದ್ದರೆ?

ಹೊತ್ತಾಯಿತು, ಇನ್ನೊಂದೇ ಸ್ಲೈಡ್. 2015–16ರಲ್ಲಿ, ಅರವತ್ತೇಳರ ಆಸುಪಾಸಿನಲ್ಲಿ ಮೈಸೆಲಾಸ್ ಮಾಡಿದ ಕೆಲಸ. ಇಂಗ್ಲೆಂಡಿನ ಬ್ಲ್ಯಾಕ್ ಕಂಟ್ರಿ ಅನ್ನುವ ಹಳೆಯ ಕೈಗಾರಿಕಾ ಪ್ರದೇಶ. ಗಂಡನ, ಮನೆಯವರ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರಿಗೆ ಆಶ್ರಯ ಕೊಡುವ ಮನೆ. ವಿಳಾಸ ಗುಟ್ಟು. ಮುಖ ತೋರಿಸುವ ಹಾಗಿಲ್ಲ, ತೋರಿಸಿದರೆ ಹುಡುಕಿಕೊಂಡು ಬರುತ್ತಾರೆ. ಹಾಗಾಗಿ ಮೈಸೆಲಾಸ್ ಆ ಹೆಂಗಸರ ಕೋಣೆಗಳ ಫೋಟೋ ತೆಗೆದರು. ಮಾತುಗಳನ್ನು ಆ ಹೆಂಗಸರೇ ಹೇಳಿದರು, ತಾವೇ ಚಿತ್ರ ಅಂಟಿಸಿ ಕೊಲಾಜ್ ಮಾಡಿದರು. ಗ್ರೆನೇಡಿನ ನಡುವೆ ಓಡಾಡಿದ ಕ್ಯಾಮೆರಾ ಇಲ್ಲಿ ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿದೆ.

ನೋಡಿ. ಒಂಟಿ ಮಂಚ, ಕಿಟಕಿ, ಮಡಚಿಟ್ಟ ಬಟ್ಟೆ. ಕೋಣೆಯಲ್ಲಿ ಯಾರೂ ಇಲ್ಲ. ಪ್ರೊಜೆಕ್ಟರ್ ಇನ್ನೂ ಒಂದು ನಿಮಿಷ ಹಾಗೇ ಇರಲಿ, ಆರಿಸಬೇಡಿ.